ನೂರು ವರ್ಷದ ಕನಸು ಮತ್ತು ಬಳ್ಳಾರಿಯ ಬಾಣಂತಿಯರು

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು. ಎಲ್ಲರೂ ಸರಕಾರಿ ಆಸ್ಪತ್ರೆಯನ್ನು ನಂಬಿ ಬಂದವರು. ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಸಾದಾ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಮೇಲೆ.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಲಾಂಜೆವಿಟಿ ಇಂಡಿಯಾ' ಯೋಜನೆ ಶುರುವಾಯಿತು. ಮುಪ್ಪನ್ನು ಅರಿಯುವುದು, ಆರೋಗ್ಯದ ವರ್ಷಗಳನ್ನು ಹಿಗ್ಗಿಸುವುದು ಅದರ ಗುರಿ. ಅಮೆರಿಕದಲ್ಲಂತೂ 2022ರಲ್ಲಿ ಆಲ್ಟೋಸ್ ಲ್ಯಾಬ್ಸ್ ಎಂಬ ಕಂಪನಿ 300 ಕೋಟಿ ಡಾಲರ್ ಬಂಡವಾಳದೊಂದಿಗೆ ಇದೇ ದಾರಿ ಹಿಡಿದಿದೆ.

ನಾವು ಸಂಶೋಧನೆಯ ವಿರೋಧಿಗಳಲ್ಲ. ಪಾಶ್ಚಾತ್ಯರ ರಕ್ತದಿಂದ ತೆಗೆದ ಅಳತೆಗೋಲು ನಮ್ಮವರ ಮೈಗೆ ಹೊಂದದೆ ಹೋಗಬಹುದು, ಅದನ್ನು ಇಲ್ಲಿಯೇ ಅಳೆಯಬೇಕೆಂಬುದು ನ್ಯಾಯವೇ. ಮುಪ್ಪು ಬಡವನಿಗೂ ಬರುತ್ತದೆ ಎಂದು ವಾದಿಸುವವರಿದ್ದಾರೆ. ಬರುತ್ತದೆ, ಬೇಗನೇ ಬರುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸಿನ ಸೊಂಟ ನಲವತ್ತಕ್ಕೇ ಅದನ್ನು ಹೇಳುತ್ತದೆ. ಆದರೆ ಅವಳನ್ನು ಮುದುಕಿಯಾಗಿಸಿದ್ದು ಜೀವಕೋಶವೊಂದೇ ಅಲ್ಲ. ಅರೆಹೊಟ್ಟೆ, ರಕ್ತಹೀನತೆ, ಮೇಲಿಂದ ಮೇಲೆ ಹೆರಿಗೆ. ಇವಕ್ಕೆ ಮದ್ದು ಹುಡುಕಬೇಕಾಗಿಲ್ಲ, ಎಂದೋ ಸಿಕ್ಕಿದೆ. ಮುಟ್ಟಿಸಬೇಕಾಗಿದೆ ಅಷ್ಟೇ.

ಇಲ್ಲಿಯೇ ನಮ್ಮ ತಕರಾರು. ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಹೆರಿಗೆ ತೊಡಕಾದರೆ ಬಡವರ ದಾರಿ ಬಳ್ಳಾರಿಯ ದೊಡ್ಡಾಸ್ಪತ್ರೆಗೇ. ಅಲ್ಲಿ ಕೊರತೆಯಾದದ್ದು ಜ್ಞಾನವಲ್ಲ, ಕಾವಲು. ರಾಜ್ಯದ ಪ್ರಯೋಗಾಲಯ ತಿರಸ್ಕರಿಸಿದ್ದ ಕೆಲವು ಬ್ಯಾಚ್‌ಗಳನ್ನು ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದರು. ಸಾವುಗಳ ನಂತರ ಔಷಧ ನಿಯಂತ್ರಕರು ಅಮಾನತಾದರು, ಕಂಪನಿ ಕಪ್ಪುಪಟ್ಟಿ ಸೇರಿತು. ಎಲ್ಲವೂ ನಂತರ!

ಇದು ಬಡ ಜಿಲ್ಲೆಯೂ ಅಲ್ಲ. ಅದಿರು ಅಗೆದವರಿಂದ ವಸೂಲಾಗುವ ಜಿಲ್ಲಾ ಖನಿಜ ನಿಧಿಗೆ 2015ರ ಕಾನೂನಿನ ಬಲವಿದೆ, ಅದರ ಆದ್ಯತೆಗಳಲ್ಲಿ ಆರೋಗ್ಯವೂ ಇದೆ. ಆಯುಷ್ಯ ಹೆಚ್ಚಿಸುವ ವಿದ್ಯೆಗೆ ಸಿರಿವಂತರು ತಮ್ಮ ಹಣ ಸುರಿಯಲಿ, ಬೇಡವೆನ್ನುವವರು ನಾವಲ್ಲ. ಸರಕಾರದ ಮೊದಲ ರೂಪಾಯಿ ಮಾತ್ರ ಹೆರಿಗೆ ವಾರ್ಡಿಗೆ ಹೋಗಬೇಕು: ಪ್ರತಿ ಬ್ಯಾಚ್ ರೋಗಿಯ ನರಕ್ಕೆ ಇಳಿಯುವ ಮುನ್ನ ಪರೀಕ್ಷೆಯಾಗಲಿ, ಎರಡು ವರದಿಗಳು ಬೇರೆ ಬೇರೆಯಾದರೆ ಆ ಬಾಟಲಿ ಗೋದಾಮಿನಲ್ಲೇ ಉಳಿಯಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಹೆರಿಗೆ ತಜ್ಞರಿರಲಿ.

ತಾಯಿಯಿಲ್ಲದೆ ಬೆಳೆಯುತ್ತಿರುವ ಆ ಕೂಸುಗಳು ಮುಪ್ಪು ಕಾಣಲು ಇನ್ನೂ ಬಹಳ ವರ್ಷಗಳಿವೆ. ಈಗ ಅವಕ್ಕೆ ಹಾಲೂಡಿಸುತ್ತಿರುವ ಅಜ್ಜಿಯರ ಮುಪ್ಪನ್ನು ಯಾವ ಪ್ರಯೋಗಾಲಯ ಲೆಕ್ಕಕ್ಕೆ ಹಿಡಿದಿದೆ?