ಇಲಿಗೆ ಇಂದ್ರಿಯಗಳೆಷ್ಟು?

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಗೂ ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ಬಸದಿಗೂ ಭಕ್ತಿಯಿಂದ ನಡೆದುಕೊಳ್ಳುವ ಶ್ರಾವಕ ಕುಟುಂಬಗಳಲ್ಲಿ ಇಂದಿಗೂ ನೀರನ್ನು ಸೋಸಿ ಕುಡಿಯುವವರಿದ್ದಾರೆ; ಹೊತ್ತು ಮುಳುಗುವ ಮುನ್ನ ಊಟ ಮುಗಿಸುವವರಿದ್ದಾರೆ. ಕಣ್ಣಿಗೆ ಕಾಣದ ಜೀವಿಗಳ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಸಮಾಜವು ಪ್ರಯೋಗಶಾಲೆಯ ಇಲಿಯ ಮಾತು ಬಂದೊಡನೆ ‘ಅದು ವೈದ್ಯಶಾಸ್ತ್ರದ ಸಂಗತಿ’ ಎಂದು ಸುಮ್ಮನಾಗುತ್ತದೆ. ಈ ಮೌನಕ್ಕೆ ಆಧಾರವೇನು?

ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರದ ಸಂಶೋಧನೆಯನ್ನೇ ನೋಡಬಹುದು. 1933ರಲ್ಲಿ ಲಂಡನ್ನಿನಲ್ಲಿ ಸ್ಮಿತ್, ಆಂಡ್ರ್ಯೂಸ್ ಮತ್ತು ಲೇಡ್ಲಾ ಎಂಬ ವಿಜ್ಞಾನಿಗಳು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ನೆರವಿನಿಂದ ಮನುಷ್ಯರ ಈ ವೈರಾಣುವನ್ನು ಬೇರ್ಪಡಿಸಿದರು. ಮರುವರ್ಷ ಅದನ್ನು ಇಲಿಗಳಿಗೂ ಅಂಟಿಸಲಾಯಿತು. ‘ಅಂಟಿಸಲಾಯಿತು’ ಎಂಬುದೇ ಇಲ್ಲಿ ಸರಿಯಾದ ಪದ. ಮನುಷ್ಯರ ಫ್ಲೂ ಇಲಿಗಳಿಗೆ ತಾನಾಗಿ ಬರುವ ರೋಗವಲ್ಲ. ಸಾಮಾನ್ಯವಾಗಿ ಒಂದು ಇಲಿಯ ಶ್ವಾಸಕೋಶದಿಂದ ತೆಗೆದ ವೈರಾಣುವನ್ನು ಇನ್ನೊಂದರ ಮೂಗಿಗೆ, ಅದರಿಂದ ಮತ್ತೊಂದಕ್ಕೆ ಹೀಗೆ ಹಾಯಿಸುತ್ತ ಹೋಗಿ, ಅದು ಇಲಿಯನ್ನು ಕೊಲ್ಲುವಷ್ಟು ಪಳಗಿದ ಮೇಲೆ ಪ್ರಯೋಗ ಆರಂಭವಾಗುತ್ತದೆ.

ಕತೆ ಇಲ್ಲಿಗೇ ನಿಲ್ಲುವುದಿಲ್ಲ. 1962ರಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಲಿಂಡನ್‌ಮನ್ ಅವರು ‘ಎ2ಜಿ’ ಎಂಬ ತಳಿಯ ಇಲಿಗಳು ಆ ಪಳಗಿದ ವೈರಾಣುವಿಗೂ ಜಗ್ಗುವುದಿಲ್ಲವೆಂದು ವರದಿ ಮಾಡಿದರು. ಅವುಗಳ ರಕ್ಷಣೆಗೆ ‘ಎಂಎಕ್ಸ್-1’ ಎಂಬ ವಂಶವಾಹಿ ಕಾರಣವೆಂದು ಮುಂದೆ ತಿಳಿಯಿತು. ಪ್ರಯೋಗಶಾಲೆಗಳ ಹೆಚ್ಚಿನ ತಳಿಗಳಲ್ಲಿ, ಬಹುವಾಗಿ ಬಳಕೆಯಾಗುವ ‘ಬಾಲ್ಬ್-ಸಿ’ ಮತ್ತು ‘ಡಿಬಿಎ-2’ ತಳಿಗಳೂ ಸೇರಿ, ಈ ವಂಶವಾಹಿ ಕೆಟ್ಟಿದೆ. ಕೆಟ್ಟದ್ದು ಆಕಸ್ಮಿಕವಿರಬಹುದು, ಆಯ್ಕೆ ಮಾತ್ರ ಆಕಸ್ಮಿಕವಲ್ಲ. ಬೇಗ ರೋಗಕ್ಕೆ ತುತ್ತಾಗುತ್ತದೆಂಬ ಕಾರಣಕ್ಕೇ ಒಂದು ತಳಿಯನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ, ರೋಗ ಹಚ್ಚಿ, ದಿನವೂ ತೂಗಿ, ತೂಕ ಕಾಲು ಭಾಗದಷ್ಟು ಇಳಿದಾಗ ಕೊಲ್ಲುವುದು ಈ ಕ್ಷೇತ್ರದ ರೂಢಿ.

ಜೈನಾಚಾರ್ಯರು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ವಿಂಗಡಿಸಿದ್ದಾರೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬತ್ತದ ಬೆಳೆ ಉಳಿಸಿಕೊಳ್ಳುವ ರೈತನಿಂದ ಇಲಿ ಸತ್ತರೆ ಅದು ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ತಿ ತಪ್ಪದು. ಪ್ರಯೋಗದ ಇಲಿ ಯಾರ ಗದ್ದೆಯನ್ನೂ ಕೆಡಿಸಿಲ್ಲ, ಯಾರ ಮೇಲೂ ಎರಗಿಲ್ಲ. ಆದ್ದರಿಂದ ಇದನ್ನು ಆತ್ಮರಕ್ಷಣೆಯ ವಿರೋಧೀ ಹಿಂಸೆಯೆಂದು ಕರೆಯುವವರು ಶಾಸ್ತ್ರವನ್ನು ತಮ್ಮ ಅನುಕೂಲಕ್ಕೆ ಬಗ್ಗಿಸುತ್ತಿದ್ದಾರೆ. ದಿನಾಂಕ, ಸಂಖ್ಯೆ, ತಳಿ ಎಲ್ಲವನ್ನೂ ಮೊದಲೇ ಬರೆದಿಟ್ಟು ಮಾಡುವ ಕೊಲೆ ಸಂಕಲ್ಪೀ ಅಲ್ಲದಿದ್ದರೆ ಆ ಪದಕ್ಕೆ ಅರ್ಥವೇ ಉಳಿಯದು.

ರೋಗ ಸಣ್ಣದೆಂದು ಯಾರೂ ಹೇಳುತ್ತಿಲ್ಲ. 2009ರ ಎಚ್1ಎನ್1 ಪಿಡುಗನ್ನು ಕರ್ನಾಟಕ ಮರೆತಿಲ್ಲ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೇ ಹಕ್ಕಿಜ್ವರ ದೃಢಪಟ್ಟು ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲಲಾಯಿತು. ಮನೆಯ ಹಿರಿಯರಿಗೆ ಫ್ಲೂ ಲಸಿಕೆ ಕೊಡಿಸಬಾರದೆಂದು ವಾದಿಸುವುದು ಇನ್ನೊಂದು ಬಗೆಯ ಕ್ರೌರ್ಯ. ಇಲಿಗಳಿಂದ ಏನೂ ತಿಳಿಯಲಿಲ್ಲವೆಂಬುದೂ ಸುಳ್ಳು; ಮನುಷ್ಯರಲ್ಲಿರುವ ಅಂಥದ್ದೇ ರಕ್ಷಕ ವಂಶವಾಹಿಯತ್ತ ದಾರಿ ತೋರಿದ್ದು ಆ ಎ2ಜಿ ಇಲಿಗಳೇ. ಆದರೆ ಹಿಂದೆ ಫಲ ಸಿಕ್ಕಿತೆಂಬುದು ಇಂದಿನ ಪ್ರತಿಯೊಂದು ಪ್ರಯೋಗಕ್ಕೂ ರಹದಾರಿಯಾಗದು. ಫ್ಲೂ ಲಸಿಕೆಯ ಸತ್ತ್ವವನ್ನು 1970ರ ದಶಕದಿಂದೀಚೆಗೆ ಜೆಲ್ಲಿನಲ್ಲಿ ಮೂಡುವ ಉಂಗುರದ ಅಳತೆಯಿಂದ ನಿರ್ಣಯಿಸುವ ಪದ್ಧತಿ ಬಂದಿದೆ. ಅದಕ್ಕೆ ಕುರಿಯ ರಕ್ತರಸ ಬೇಕಾಗುತ್ತದೆ, ನಿಜ. ಇಲಿಗೆ ರೋಗ ಹಚ್ಚಬೇಕಿಲ್ಲ. (ಕೋಳಿಮೊಟ್ಟೆಯಲ್ಲಿ ಬೆಳೆಸಿದ ಲಸಿಕೆಯ ಪ್ರಶ್ನೆ ಬೇರೆಯೇ ಇದೆ, ಮೊಟ್ಟೆಯಿಲ್ಲದೆ ತಯಾರಾಗುವ ಲಸಿಕೆಗಳು ಈಗ ಇವೆ ಎಂಬುದನ್ನಾದರೂ ಶ್ರಾವಕರು ತಿಳಿದಿರಬೇಕು.)

ಇಲಿಯ ದೇಹ ಮನುಷ್ಯನ ಪರವಾಗಿ ಸಾಕ್ಷಿ ನುಡಿಯುತ್ತದೆಂಬ ನಂಬಿಕೆಗೆ ಮಲೆನಾಡಿನಲ್ಲೇ ಒಂದು ಉತ್ತರವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಇಲಿಯ ಮೆದುಳಿನಲ್ಲಿ ಬೆಳೆಸಿದ, ರಷ್ಯಾದ ಉಣ್ಣೆಜ್ವರದ ಲಸಿಕೆಯನ್ನು ಮೊದಲು ಅಲ್ಲಿ ಪ್ರಯೋಗಿಸಿದಾಗ ಅದು ಜನರನ್ನು ಕಾಯಲಿಲ್ಲ. ಮುಂದೆ ಕೋಳಿಭ್ರೂಣದ ಜೀವಕೋಶಗಳಿಂದ ತಯಾರಾದ ಲಸಿಕೆ 1990ರ ಹೊತ್ತಿಗೆ ಬಳಕೆಗೆ ಬಂತು. ಅದರ ರಕ್ಷಣೆ ಆರಂಭದಲ್ಲಿ ಅಂದಾಜಿಸಿದ್ದಕ್ಕಿಂತ ಕಡಿಮೆಯೆಂದು ಗೊತ್ತಾದದ್ದು ಹಳ್ಳಿಗರ ರೋಗದ ಲೆಕ್ಕದಿಂದ. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2012ರಲ್ಲಿ ಬಂಡೀಪುರದಲ್ಲಿ, 2015ರಲ್ಲಿ ವಯನಾಡಿನಲ್ಲಿ ಕಾಣಿಸಿಕೊಂಡ ಈ ಕಾಯಿಲೆ ಹೆಗ್ಗಡದೇವನಕೋಟೆಯ ಕಾಡಂಚಿಗೆ ದೂರದ್ದಲ್ಲ.

ಇನ್ನು ಕಾನೂನು. 1960ರ ಪ್ರಾಣಿಹಿಂಸಾ ತಡೆ ಅಧಿನಿಯಮದ 17ನೆಯ ಪ್ರಕರಣವು ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆನ್ನುತ್ತದೆ. ಅದೇ ಪ್ರಕರಣವು ಇಲಿ, ಮೊಲ, ಕಪ್ಪೆಗಳಂಥ ಸಣ್ಣ ಪ್ರಾಣಿಗಳಿಂದ ಕೆಲಸ ಸಾಗುವಾಗ ದೊಡ್ಡ ಪ್ರಾಣಿಗಳನ್ನು ಬಿಡಬೇಕೆಂದೂ ಹೇಳುತ್ತದೆ. ಸಂಸತ್ತಿಗೆ ಗಾತ್ರವೇ ಅಳತೆಗೋಲಾಯಿತು. ಜೈನಶಾಸ್ತ್ರದ ಲೆಕ್ಕ ಇಂದ್ರಿಯಗಳದ್ದು: ನಾಗರಹೊಳೆಯ ಆನೆಯೂ ಪಂಚೇಂದ್ರಿಯ, ಪಂಜರದ ಇಲಿಯೂ ಪಂಚೇಂದ್ರಿಯ. ಕಾನೂನೂ ಈಗ ತುಸು ಸರಿದಿದೆ. 2023ರ ತಿದ್ದುಪಡಿಯು ಹೊಸ ಔಷಧಗಳ ಪರೀಕ್ಷೆಯಲ್ಲಿ ಮಾನವ ಜೀವಕೋಶಗಳನ್ನಾಧರಿಸಿದ ಪ್ರಾಣಿರಹಿತ ವಿಧಾನಗಳಿಗೆ ಮಾನ್ಯತೆ ಕೊಟ್ಟಿದೆ.

ಪಾಪ ಮಾಡುವವನಿಗಷ್ಟೇ ಅಂಟುವುದಿಲ್ಲ. ಕೃತ, ಕಾರಿತ, ಅನುಮೋದನೆ ಮೂರಕ್ಕೂ ಫಲವುಂಟು. ವೈದ್ಯಕೀಯ ಶಿಕ್ಷಣಕ್ಕೂ ಸಂಶೋಧನೆಗೂ ದೇಣಿಗೆ ಕೊಡುವ ಬಸದಿ ಟ್ರಸ್ಟುಗಳು ರಸೀದಿ ಪಡೆದು ಕೈತೊಳೆದುಕೊಳ್ಳುವುದು ಅನುಮೋದನೆಯೇ. ಹಣ ಕೊಡುವ ಮುನ್ನ ಆ ಸಂಸ್ಥೆಯಿಂದ ಲಿಖಿತ ಉತ್ತರ ಕೇಳುವ ಹಕ್ಕು ಅವುಗಳಿಗಿದೆ: ಕಳೆದ ವರ್ಷ ಎಷ್ಟು ಪ್ರಾಣಿಗಳನ್ನು, ಯಾವ ಉದ್ದೇಶಕ್ಕೆ ಬಳಸಲಾಯಿತು? ಪ್ರಾಣಿಯಿಲ್ಲದ ವಿಧಾನವನ್ನು ಮೊದಲು ಹುಡುಕಲಾಯಿತೇ? ಹುಣಸೂರು, ಪಿರಿಯಾಪಟ್ಟಣದ ಮನೆಗಳಿಂದ ಔಷಧಶಾಸ್ತ್ರ ಕಲಿಯಲು ಮೈಸೂರಿಗೆ ಹೋಗುವ ಮಕ್ಕಳಿಗೆ ಟ್ರಸ್ಟುಗಳು ಕೊಡುವ ವಿದ್ಯಾರ್ಥಿವೇತನದಲ್ಲಿ ಒಂದು ಭಾಗವನ್ನು ಈ ಹೊಸ ವಿಧಾನಗಳ ಅಧ್ಯಯನಕ್ಕೇ ಮೀಸಲಿಡಬಹುದು. ಮುಂದಿನ ಆಯವ್ಯಯ ಸಭೆಯಲ್ಲೇ ಈ ಎರಡು ವಿಷಯಗಳನ್ನೂ ಮಂಡಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.