ಯಾವ ತೀರದ ಮಳೆಗಾಲ?

ಶ್ರೀಲಂಕೆಗೆ ಹೊರಡುವ ಮುನ್ನ ನಾವು ಬರೆದ ಪಟ್ಟಿಯಲ್ಲಿ ಹಲ್ಲುಪುಡಿಯಿಂದ ಚಟ್ನಿಪುಡಿಯವರೆಗೆ ಎಲ್ಲವೂ ಇದ್ದಿತು. ಆ ದೇಶದ ಋತುಮಾನವೊಂದನ್ನು ವಿಚಾರಿಸಲು ಮರೆತಿದ್ದೆವು.

ಜೂನ್ ತಿಂಗಳಿನಲ್ಲಿ ದಕ್ಷಿಣತೀರದ ಗಾಲೆಯನ್ನು ಸೇರಿದೆವು. ಸಮುದ್ರಸ್ನಾನಕ್ಕೆಂದು ಮಗ ವರ್ಷದಿಂದ ಹಂಬಲಿಸಿದ್ದ. ದಂಡೆಯಲ್ಲಿ ಕೆಂಪು ಬಾವುಟ, ತೆರೆಗಳೋ ಆಳೆತ್ತರ! "ಇಲ್ಲಿಗೆ ಡಿಸೆಂಬರಿನಲ್ಲಿ ಬರಬೇಕು, ಈಗ ಪೂರ್ವತೀರದ ಟ್ರಿಂಕೋಮಲಿಗೆ ಹೋಗಬೇಕಾಗಿತ್ತು" ಎಂದು ವಸತಿಗೃಹದ ಮುದುಕರು ಮರುಗಿದರು.

ಕಾರಣ ಸರಳವಾದುದು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತವು ಪಶ್ಚಿಮ, ದಕ್ಷಿಣ ತೀರಗಳನ್ನು ತೋಯಿಸುತ್ತದೆ. ನಡುನಾಡಿನ ಬೆಟ್ಟಗಳನ್ನು ದಾಟುವಷ್ಟರಲ್ಲಿ ಅದರ ನೀರು ಬರಿದಾಗಿ, ಪೂರ್ವತೀರದಲ್ಲಿ ಬಿಸಿಲು ಕಾಯುತ್ತಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತದ ಸರದಿ. ಆಗ ಮಳೆ ಪೂರ್ವದ ಪಾಲು. ಸಹ್ಯಾದ್ರಿಯ ಎರಡು ಮಗ್ಗುಲುಗಳನ್ನೂ ಕಂಡು ಬೆಳೆದ ನನಗೆ ಇದು ಹೊಳೆಯಬೇಡವೆ?

ಮಳೆಯಂತೆ ಚಂದ್ರನನ್ನೂ ಕೇಳಿಕೊಂಡೇ ಹೊರಡಬೇಕು. ಪ್ರತಿ ಹುಣ್ಣಿಮೆಯೂ ಅಲ್ಲಿ 'ಪೋಯ' ಎಂಬ ಬೌದ್ಧರ ಪರ್ವದಿನ, ಬ್ಯಾಂಕುಗಳಿಗೂ ರಜೆ. ನಾವು ಹಣ ಬದಲಾಯಿಸಲು ಹೊರಟುದು ಅಂದೇ! ವಿಹಾರದಲ್ಲಿ ಪಾದರಕ್ಷೆಯೊಡನೆ ಟೊಪ್ಪಿಗೆಯನ್ನೂ ಕಳಚಬೇಕು. ಬುದ್ಧಮೂರ್ತಿಗೆ ಬೆನ್ನು ತಿರುಗಿಸಿ ಚಿತ್ರ ತೆಗೆಸಿಕೊಳ್ಳುವುದು ಅವರ ಮನಸ್ಸನ್ನು ನೋಯಿಸುವ ಅಪಚಾರ.

ಮುದುಕರು ಕೈಮುಗಿದು 'ಆಯುಬೋವನ್' ಎಂದರು. ದೀರ್ಘಾಯುವಾಗೆಂಬ ಹರಕೆಯದು, ನಮ್ಮ 'ಆಯು'ವೇ ಅಲ್ಲಿಯೂ ಇದೆಯೆಂದು ಮಗನಿಗೆ ವಿವರಿಸತೊಡಗಿದೆ.

ಅವನು ಬಾವುಟವನ್ನೇ ನೋಡುತ್ತಿದ್ದ. "ಅಪ್ಪಾ, ಹೊರಡುವ ಮೊದಲೇ ಯಾರನ್ನಾದರೂ ಕೇಳಬಾರದಿತ್ತೆ?" ಎಂದ.

ಪಾಠ ಹೇಳುವುದೇ ಕಸಬಾದವನಿಗೆ ಉತ್ತರ ತೋಚಲಿಲ್ಲ.