ಇಸ್ಲಾಮಾಬಾದ್‌ಗೆ ಹೋದ ಕೃಷ್ಣ, ಅಥಣಿಗೆ ಬಾರದ ಕೃಷ್ಣೆ

ಅಥಣಿ: ಬೇಸಿಗೆ ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ನದಿತೀರದ ಜನ ಮಹಾರಾಷ್ಟ್ರದ ಕೊಯ್ನಾ ಜಲಾಶಯದತ್ತ ಮುಖ ಮಾಡುತ್ತಾರೆ. ಮಳೆಗಾಲದಲ್ಲಿ ಅದೇ ದಿಕ್ಕಿನಿಂದ ಪ್ರವಾಹದ ಭಯ. ನೀರು ಬೇಕಾದಾಗ ಮನವಿ ಪತ್ರ, ಬೇಡವಾದಾಗ ಆಲಮಟ್ಟಿ ಹಿನ್ನೀರಿನ ಆರೋಪ-ಪ್ರತ್ಯಾರೋಪ. ಎರಡು ರಾಜ್ಯಗಳ ಈ ವ್ಯವಹಾರ ಎರಡು ದೇಶಗಳ ರಾಜತಾಂತ್ರಿಕತೆಯನ್ನೇ ಹೋಲುತ್ತದೆ. ಆದ್ದರಿಂದ ವಿದೇಶಾಂಗ ಖಾತೆ ನಿರ್ವಹಿಸಿದ ಇದುವರೆಗಿನ ಏಕೈಕ ಕನ್ನಡಿಗ ಎಸ್.ಎಂ. ಕೃಷ್ಣ ಅವರ ಸಾರ್ವಜನಿಕ ಬದುಕನ್ನು ಗಡಿಭಾಗದಿಂದ ನೋಡುವ ಅಗತ್ಯವಿದೆ.

2024ರ ಡಿಸೆಂಬರ್ 10ರಂದು, ತಮ್ಮ 92ನೇ ವಯಸ್ಸಿನಲ್ಲಿ ಅವರು ನಿಧನರಾದಾಗ ಐಟಿ ಬೆಂಗಳೂರಿನ ಶಿಲ್ಪಿ ಎಂಬ ಬಣ್ಣನೆಯೇ ಹೆಚ್ಚಾಗಿ ಕೇಳಿಬಂತು. ಗಡಿಯ ಪ್ರಸ್ತಾಪ ಅದರಲ್ಲಿ ಹಿಂದೆ ಸರಿಯಿತು.

ಮದ್ದೂರು ತಾಲೂಕಿನ ಸೋಮನಹಳ್ಳಿಯ ಜಮೀನುದಾರ ಮನೆತನದಲ್ಲಿ ಜನಿಸಿದ ಕೃಷ್ಣ ರಾಜವಂಶಸ್ಥರಲ್ಲ. ಆದರೆ ಅಮೆರಿಕದ ಕಾನೂನು ಶಿಕ್ಷಣ, ಟೆನಿಸ್, ಮಡಿಕೆ ಕೆಡದ ಉಡುಪು, ದನಿ ಏರಿಸದ ಮಾತು ಅವರಿಗೆ ಶ್ರೀಮಂತ ರಾಜತಾಂತ್ರಿಕನ ವರ್ಚಸ್ಸನ್ನು ತಂದುಕೊಟ್ಟಿದ್ದವು. ಈ ಸೌಜನ್ಯ ರಾಜಕಾರಣದ ಶಕ್ತಿಯೂ ಹೌದು, ಮಿತಿಯೂ ಹೌದು.

ವಿಪರ್ಯಾಸದ ವರ್ಷ

ಬೆಳಗಾವಿ, ನಿಪ್ಪಾಣಿ ಸೇರಿದಂತೆ ಗಡಿಪ್ರದೇಶಗಳನ್ನು ಕೋರಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು 2004ರ ಮಾರ್ಚ್‌ನಲ್ಲಿ. ಆಗ ಕರ್ನಾಟಕದ ಮುಖ್ಯಮಂತ್ರಿ ಇದೇ ಕೃಷ್ಣ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ದಾವೆ ಹೂಡಿದ ಮಹಾರಾಷ್ಟ್ರಕ್ಕೇ ರಾಜ್ಯಪಾಲರಾದರು. 2008ರ ಮಾರ್ಚ್‌ವರೆಗೆ ಮುಂಬೈ ರಾಜಭವನದಲ್ಲಿದ್ದರು. ಪ್ರತಿವಾದಿ ರಾಜ್ಯದ ನಾಯಕ ವಾದಿ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾದ ಅಪರೂಪದ ಸಂದರ್ಭವದು. ಆದರೆ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ರಾಜ್ಯಪಾಲರಿಂದ ಸಂಧಾನ ನಿರೀಕ್ಷಿಸುವಂತಿರಲಿಲ್ಲ. ಎರಡೂ ಕಡೆಯನ್ನು ಬಲ್ಲ ವ್ಯಕ್ತಿಯಿದ್ದರೂ ಆ ಅರಿವು ಬಳಕೆಗೆ ಬರುವ ವೇದಿಕೆಯೇ ಇರಲಿಲ್ಲ.

2009ರ ಮೇ ತಿಂಗಳಿಂದ 2012ರ ಅಕ್ಟೋಬರ್‌ವರೆಗಿನ ವಿದೇಶಾಂಗ ಸಚಿವಗಿರಿಯಲ್ಲೂ ಇದೇ ಕಥೆ. 2010ರ ಜುಲೈನಲ್ಲಿ ಇಸ್ಲಾಮಾಬಾದ್ ಮಾತುಕತೆಯ ನಂತರ ಪಾಕ್ ಸಚಿವ ಶಾ ಮಹಮೂದ್ ಖುರೇಷಿ, ಕೃಷ್ಣ ಅವರಿಗೆ ದೆಹಲಿಯಿಂದ ಸೂಚನೆಗಳು ಬರುತ್ತಿದ್ದವೆಂದು ಬಹಿರಂಗವಾಗಿ ಚುಚ್ಚಿದರು. 2011ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ಸಚಿವರ ಭಾಷಣವನ್ನು ಕಣ್ತಪ್ಪಿನಿಂದ ಓದಿದ ಪ್ರಸಂಗ ನಗೆಪಾಟಲಾಯಿತು. ಇಷ್ಟಾದರೂ ಅವರು ಮಾತುಕತೆಯ ಎಳೆ ಕಡಿಯಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಮತ್ತೆ ಇಸ್ಲಾಮಾಬಾದ್‌ಗೆ ತೆರಳಿ, ವೀಸಾ ನಿಯಮ ಸಡಿಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಕಾಶ್ಮೀರ ಬಗೆಹರಿಯದಿದ್ದರೂ ಹಿರಿಯ ನಾಗರಿಕರಿಗೆ ಗಡಿಯಲ್ಲೇ ವೀಸಾ ಸಿಗಲಿ ಎಂಬುದು ಅದರ ಒಂದು ಆಶಯ. ಮುಂದಿನ ಜನವರಿಯಲ್ಲಿ ಗಡಿ ನಿಯಂತ್ರಣ ರೇಖೆಯ ಘರ್ಷಣೆಯ ಬಿಸಿಗೆ ಆ ಸೌಲಭ್ಯವೇ ತಡೆಹಿಡಿಯಲ್ಪಟ್ಟಿತು.

ಸತ್ಯ ನುಡಿದ ರಾಜಕುಮಾರ

ಅದೇ ಕಾಲದಲ್ಲಿ ಝೆಕ್ ಗಣರಾಜ್ಯದ ವಿದೇಶಾಂಗ ಸಚಿವರಾಗಿದ್ದವರು ನಿಜವಾದ ರಾಜವಂಶಸ್ಥ ಕರೆಲ್ ಶ್ವಾರ್ಜನ್‌ಬರ್ಗ್. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ಕುಟುಂಬದೊಂದಿಗೆ ದೇಶ ಬಿಟ್ಟವರು. 2013ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಎರಡನೇ ಮಹಾಯುದ್ಧದ ಬಳಿಕ ಗಡಿಭಾಗದ ಜರ್ಮನ್ನರನ್ನು ಹೊರಹಾಕಿದ್ದು ಇಂದಿನ ದೃಷ್ಟಿಯಲ್ಲಿ ಮಾನವ ಹಕ್ಕುಗಳ ಘೋರ ಉಲ್ಲಂಘನೆ ಎಂದರು. ಎದುರಾಳಿ ಮಿಲೋಶ್ ಝೆಮನ್ ಅದನ್ನೇ ಅಸ್ತ್ರವಾಗಿಸಿ ಗೆದ್ದರು. ಗಡಿಯ ಬಗ್ಗೆ ಅಪ್ರಿಯ ಸತ್ಯ ನುಡಿದರೆ ಮತ ಕಳೆದುಕೊಳ್ಳಬೇಕಾಗುತ್ತದೆ ಎಂಬುದು ಎಲ್ಲ ದೇಶಗಳ ರಾಜಕಾರಣಿಗಳಿಗೂ ಗೊತ್ತು.

ನಮ್ಮಲ್ಲೂ ಅಂಥ ಸತ್ಯಗಳಿವೆ. ಮಹಾಜನ ವರದಿಯೇ ಅಂತಿಮ ಎಂಬುದು ಕರ್ನಾಟಕದ ನಿಲುವು. ಆದರೆ 1967ರ ಆ ವರದಿ ಬೆಳಗಾವಿಯನ್ನು ನಮಗೇ ಉಳಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಲು ಹೇಳಿತ್ತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹಲವು ಗ್ರಾಮಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತ್ತು. ಆಯೋಗ ರಚನೆಗೆ ಒತ್ತಾಯಿಸಿದ್ದ ಮಹಾರಾಷ್ಟ್ರವೇ ವರದಿಯನ್ನು ತಿರಸ್ಕರಿಸಿತು. ವರದಿಯ ಪೂರ್ಣ ಪಾಠವನ್ನು ಎರಡೂ ಕಡೆಯ ನಾಯಕರು ಜನರ ಮುಂದಿಡುವುದಿಲ್ಲ.

ನೀರಿನ ದಾರಿ

ಗಡಿ ತಕರಾರು ನ್ಯಾಯಾಲಯದಲ್ಲಿರಲಿ. ನೀರು ಅಲ್ಲಿಯವರೆಗೆ ಕಾಯಲಾರದು. 2019ರ ಬೇಸಿಗೆಯಲ್ಲಿ ಅಥಣಿ ಭಾಗದ ಕೃಷ್ಣೆ ಬರಿದಾದಾಗ ವಿನಿಮಯ ಸೂತ್ರವೊಂದು ಚರ್ಚೆಗೆ ಬಂದಿತ್ತು. ಕೊಯ್ನಾದಿಂದ ನಮಗೆ ನೀರು. ಬದಲಿಗೆ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಬರಪೀಡಿತ ಜತ್ತಕ್ಕೆ ನೀರು. ಜತ್ತದ ಆ ಹಳ್ಳಿಗಳಲ್ಲಿ ಕನ್ನಡಿಗರೇ ಹೆಚ್ಚು. ಇಬ್ಬರಿಗೂ ಲಾಭವಿದ್ದ ಈ ಸೂತ್ರ ಶಾಶ್ವತ ಒಪ್ಪಂದವಾಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಇಬ್ಬರು ಮುಖ್ಯಮಂತ್ರಿಗಳನ್ನು ಕೂರಿಸಿ, ತಲಾ ಮೂವರು ಸಚಿವರ ಸಮಿತಿಗೆ ಸೂಚಿಸಿದ್ದು ಗಡಿ ಉದ್ವಿಗ್ನತೆ ಶಮನಕ್ಕೇ ಹೊರತು ನೀರಿಗಲ್ಲ.

ಕೃಷ್ಣ ಅವರ ಬದುಕು ಹೇಳುವ ಪಾಠ ಇಷ್ಟೆ. ಸೌಜನ್ಯವೊಂದರಿಂದಲೇ ಗಡಿಗಳು ಕರಗುವುದಿಲ್ಲ. ಆದರೆ ದೊಡ್ಡ ಜಗಳವನ್ನು ಬದಿಗಿಟ್ಟು ಸಣ್ಣ ಒಪ್ಪಂದ ಮಾಡಿಕೊಳ್ಳುವ ತಾಳ್ಮೆಗೆ ಬೆಲೆಯಿದೆ. ಬೆನ್ನಿಗೆ ರಾಜಕೀಯ ಇಚ್ಛಾಶಕ್ತಿ ಇಲ್ಲದಿದ್ದರೆ ಅದೂ ಬಾಳುವುದಿಲ್ಲ. ಪಾಕಿಸ್ತಾನದೊಂದಿಗೆ ವೀಸಾ ಒಪ್ಪಂದಕ್ಕೆ ಕೂರಬಹುದಾದರೆ, ಬೆಂಗಳೂರು ಮತ್ತು ಮುಂಬೈ ಒಂದು ಬೇಸಿಗೆಯ ಕುಡಿಯುವ ನೀರಿಗಾಗಿ ಕೂರಲಾರವೇ? ಜತ್ತದ ಕನ್ನಡಿಗನೂ ಅಥಣಿಯ ರೈತನೂ ಕೇಳುತ್ತಿರುವುದು ಒಂದೇ ಪ್ರಶ್ನೆ. ಉತ್ತರಿಸಬೇಕಾದವರು ಎರಡೂ ಸರ್ಕಾರಗಳಲ್ಲಿದ್ದಾರೆ.